ಅಮ್ಮ ಎತ್ತಿದರು

ಗಾಜಿನ ಆಚೆ ಅಮ್ಮ ಹೆಡ್‌ಫೋನ್ ಹಾಕಿಕೊಂಡು, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದರು. ಕಿವಿಗೆ ಸದ್ದು ಬಿದ್ದಾಗ ಕೈಲಿರುವ ಗುಂಡಿ ಒತ್ತಬೇಕು, ಅಷ್ಟೇ ಕೆಲಸ. ಅವರು ಸದ್ದಿಲ್ಲದಾಗಲೂ ಒತ್ತುತ್ತಿದ್ದರು. ಏನಾದರೂ ತಪ್ಪಿದರೆ ಅದು ತಮ್ಮ ತಲೆಗೇ ಬರುತ್ತದೆ ಎಂಬ ಭಯ ಅವರಿಗೆ ಹಳೆಯದು.

“ಅಮ್ಮಾ, ಸದ್ದು ಬಂದಾಗ ಮಾತ್ರ ಒತ್ತಿ,” ಎಂದು ಅಂಗಡಿಯ ಯಜಮಾನರು ಮೈಕಿನಲ್ಲಿ ಹೇಳಿ ಸ್ವಿಚ್ ಆರಿಸಿದರು. ಆರಿಸಿದ ಮೇಲೆ ಹೊರಗಿನ ಒಂದು ಪಿಸುಮಾತೂ ಒಳಗೆ ಹೋಗುವುದಿಲ್ಲ. ಕಿವಿ ಮೆಶೀನ್ ಮಾರುವ ಅಂಗಡಿಯಲ್ಲಿ ಆ ಗಾಜಿನ ಪೆಟ್ಟಿಗೆಯಂಥ ಕೋಣೆ ಇರುವುದೇ ಅದಕ್ಕೆ.

ಮುಂಗುಸಿ ತನ್ನ ದಪ್ಪ ಚೀಲವನ್ನು ಮೈಕಿನ ಪಕ್ಕಕ್ಕೆ ಒರಗಿಸಿಟ್ಟಳು. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುತ್ತಿದ್ದಾಗ ಸಹೋದ್ಯೋಗಿಗಳು ಇಟ್ಟ ಹೆಸರು ಅದು. ನಿವೃತ್ತಿಯಾದ ಮೇಲೆ ಪೆನ್ಷನ್ ಜೊತೆಗೆ ಹೆಸರೂ ಬಂತು. ಅಮ್ಮನ ಹಿರಿಯ ಮಗಳು ಒಂದು ಮಧ್ಯಾಹ್ನ ಮನೆಯಿಂದ ಕಾಣೆಯಾಗಿ ಇಪ್ಪತ್ತು ವರ್ಷದ ಮೇಲಾಯಿತು. ಕಿರಿಯ ಮಗಳು ಕೇಳಿಕೊಂಡಳೆಂದು ಮುಂಗುಸಿ ಈಗ ಆ ಬಿಲಕ್ಕೆ ಮೂತಿ ಇಟ್ಟಿದ್ದಳು.

“ಇನ್ನೂ ಎಷ್ಟೊತ್ತಂತೆ?” ಎಂದರು ಮಾವ.

ಮಾವ ಎಂದರೆ ಅಮ್ಮನ ಒಡಹುಟ್ಟಿದ ತಮ್ಮ. ಜಾಹೀರಾತು ಕಂಪನಿ ನಡೆಸಿದವರು. ಈಗಲೂ ಅವರು ಬರುವುದಕ್ಕೆ ಮೊದಲೇ ಅವರ ಸೆಂಟು ಬಂದು ಕುರ್ಚಿ ಹಿಡಿದಿರುತ್ತದೆ. ಅಕ್ಕನನ್ನು ಕಾರಿನಲ್ಲಿ ಕರೆತಂದವರೂ ಅವರೇ. ಒಳ್ಳೆಯ ತಮ್ಮ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ಒಂದೇ ಮಾತು ಹೇಳಿದಾಗ ಮುಂಗುಸಿಗೆ ಮೂಗು ತುರಿಸುತ್ತದೆ.

“ಕಿವಿ ವಿಚಾರ ಸರ್, ಅವಸರ ಆಗಲ್ಲ,” ಎಂದಳು. “ಅಲ್ಲಿವರೆಗೆ ಇದನ್ನ ನೋಡಿ. ಗುರುತು ಸಿಗುತ್ತಾ?”

ಕೌಂಟರಿನ ಮೇಲೆ ಹಾಸಿದ್ದ ಬಟ್ಟೆಯನ್ನು ಯಜಮಾನರು ತೆಗೆದರು. ಹಳೇ ಕಂಪ್ಯೂಟರ್. ಡಬ್ಬದಂಥ ಪರದೆಯ ಮೇಲೆ ಹಸಿರು ಅಕ್ಷರ ಮಿಣುಕುತ್ತಿತ್ತು.

“ಅಯ್ಯೋ, ಇದಿನ್ನೂ ಉಸಿರಾಡ್ತಿದೆಯೇನ್ರೀ!” ಮಾವನ ಮುಖ ಅರಳಿತು. “ನಮ್ಮ ಪಡಸಾಲೆ!”

ಇಂಟರ್‌ನೆಟ್ ಎಂದರೇನು ಎಂದು ಪೇಪರಿನವರು ಚಿತ್ರ ಬರೆದು ವಿವರಿಸುತ್ತಿದ್ದ ಕಾಲದಲ್ಲಿ ಯಜಮಾನರ ಮನೆಯ ಹಿಂದಿನ ಕೋಣೆಯಲ್ಲಿ ಈ ಕಂಪ್ಯೂಟರ್, ಒಂದು ಮೋಡೆಮ್, ಒಂದು ಫೋನ್ ಲೈನ್ ಇದ್ದವು. ಮನೆಯ ಕಂಪ್ಯೂಟರಿನಿಂದ ಆ ನಂಬರಿಗೆ ಫೋನ್ ಹಚ್ಚಿದರೆ ಅದು ಕಿರ್ರೋ ಎಂದು ಅರಚಿ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಒಳಗೆ ಇದ್ದದ್ದು ಬರೀ ಮಾತು: ಯಾರೋ ಬರೆದಿಟ್ಟು ಹೋದದ್ದು, ಅದಕ್ಕೆ ಇನ್ಯಾರೋ ತೆಗೆದ ಕೊಂಕು. ಅದರ ಹೆಸರು ಪಡಸಾಲೆ. ನಡೆಸುವವರು ಯಜಮಾನರು. ಮಿಕ್ಕವರಿಗೆಲ್ಲ ಅಡ್ಡಹೆಸರು. ಮಾವ ಅಲ್ಲಿ ಕಪ್ಪೆರಾಯ. ಕಾಣೆಯಾದವಳು ಗುಬ್ಬಚ್ಚಿ. ಅವಳಿಗೆ ಮೋಡೆಮ್ ತಂದುಕೊಟ್ಟು, ಜೋಡಿಸಿ, ಪಾಸ್‌ವರ್ಡ್ ಹಾಕಿಕೊಟ್ಟವರು ಕಪ್ಪೆರಾಯರೇ.

“ಈಗಿನ ಗ್ರೂಪುಗಳನ್ನೆಲ್ಲ ಇದರ ಮುಂದೆ ನಿವಾಳಿಸಿ ಎಸೀಬೇಕು ಮೇಡಂ,” ಎಂದರು ಮಾವ. “ದಿನಾ ಸಂಜೆ ಎಲ್ಲರೂ ಸೇರ್ತಿದ್ವಿ. ನಗು ಏನು, ಜಗಳ ಏನು! ಒಳ್ಳೇ ಸಂತೆ.”

“ಎಲ್ಲರೂ ಒಟ್ಟಿಗೇ?”

“ಮತ್ತೆ?”

“ಒಂದೇ ಲೈನಿನಲ್ಲಿ?”

ಮಾವ ನಕ್ಕರು. ನಗುವಿಗೆ ಯಜಮಾನರೂ ಜೊತೆಯಾದರು.

“ನನಗೂ ಹಾಗೇ ನೆನಪು ಮೇಡಂ. ಇಡೀ ಗುಂಪು ನಮ್ಮನೆ ಹಿಂದಿನ ಕೋಣೇಲಿ ಕೂತು ಹರಟುತ್ತಿದ್ದ ಹಾಗೆ. ನಿಜ ಹೇಳಬೇಕಂದ್ರೆ ಒಬ್ಬರು ಒಳಗಿದ್ದರೆ ಮಿಕ್ಕವರಿಗೆಲ್ಲ ಎಂಗೇಜ್ ಟೋನು.”

ಒಂದೇ ಕುರ್ಚಿಯ ಪಡಸಾಲೆ ಅದು. ಒಬ್ಬೊಬ್ಬರೇ ಬರುವುದು, ಹಿಂದಿನವರು ಬಿಟ್ಟು ಹೋದ ಮಾತಿಗೆ ಒಬ್ಬರೇ ನಗುವುದು, ತಮ್ಮದೊಂದು ಬಿಟ್ಟು ಎದ್ದು ಹೋಗುವುದು. ಯಾರೂ ಯಾರನ್ನೂ ಅಲ್ಲಿ ಕಂಡವರಲ್ಲ. ನೆನಪು ಮಾತ್ರ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಟೀ ಕೊಡುತ್ತದೆ. ಯಜಮಾನರು ಕೂಡ ಬೆಳಗಿನಿಂದ ಮುಂಗುಸಿಗೆ ಟೀ ಕೊಡುತ್ತಲೇ ಇದ್ದರು. ಇಷ್ಟು ಸಹಾಯ ಮಾಡುವ ಸಾಕ್ಷಿಯನ್ನು ಆಕೆ ವೃತ್ತಿಯಲ್ಲಿ ನೋಡಿರಲಿಲ್ಲ.

“ನೆನಪಿನ ಮೇಲೆ ನನಗೆ ಕೋಪ ಇಲ್ಲ ಸರ್,” ಎಂದಳು ಮುಂಗುಸಿ. “ಆವತ್ತಿನ ಮೂರು ನಾಲ್ಕು ಮೆಸೇಜ್ ಓದೋಣ. ಡಾಕ್ಟ್ರೇ, ನೀವೂ ಬನ್ನಿ.”

ಬಾಗಿಲ ಬಳಿ ನಿಂತಿದ್ದ ಕಿರಿಯ ಮಗಳು ಹತ್ತಿರ ಬಂದಳು. ಹಲ್ಲಿನ ಡಾಕ್ಟರು, ಕ್ಲಿನಿಕ್ಕಿನಿಂದ ನೇರ ಬಂದಿದ್ದಳು, ಮಾಸ್ಕು ಒಂದು ಕಿವಿಯಿಂದ ನೇತಾಡುತ್ತಿತ್ತು. ಮಾವನ ಪಕ್ಕದಲ್ಲಿ ನಿಲ್ಲದೆ ಮುಂಗುಸಿಯ ಈ ಬದಿಗೆ ನಿಂತಳು. ಅದನ್ನು ಮಾವ ಗಮನಿಸಿದರು. ಮಾವ ಗಮನಿಸಿದ್ದನ್ನು ಮುಂಗುಸಿ ಗಮನಿಸಿದಳು.

ಪರದೆಯ ಮೇಲೆ ಮೊದಲನೆಯದು ಗುಬ್ಬಚ್ಚಿಯದು.

*ನಾಳೆ ಎಲ್ಲರೂ ಸೇರುವ ವಿಚಾರ. ನಾನು*

ಅಷ್ಟೇ. ಮುಂದೆ ಚುಕ್ಕಿ, ಬಾಣ, ಅರ್ಥವಿಲ್ಲದ ಗೀಟುಗಳ ಒಂದು ಸಾಲು. ಕೆಳಗೆ ಯಜಮಾನರ ಗುರುತು: *ತುಂಡಾಗಿದೆ.*

ಅದರ ಕೆಳಗೆ ಕಪ್ಪೆರಾಯ: *ಗುಬ್ಬಚ್ಚಿಯ ಅಮ್ಮ ಎತ್ತಿದರು!*

“ಇದು ನಮ್ಮ ಹಳೇ ಜೋಕು,” ಎಂದರು ಮಾವ.

ಜೋಕು ಮುಂಗುಸಿಗೆ ಗೊತ್ತಿತ್ತು. ಒಬ್ಬರು ಪಡಸಾಲೆಯಲ್ಲಿ ಬರೆಯುತ್ತಿರುವಾಗ ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಯಾರಾದರೂ ಎಕ್ಸ್‌ಟೆನ್ಷನ್ ಫೋನ್ ಎತ್ತಿದರೆ ಸಂಪರ್ಕ ಕಡಿದು ಹೋಗುತ್ತಿತ್ತು, ವಾಕ್ಯ ಅರ್ಧಕ್ಕೇ ನಿಲ್ಲುತ್ತಿತ್ತು. ಎತ್ತುವವರು ಬಹಳ ಸಲ ಯಾರೋ ಒಬ್ಬರ ಅಮ್ಮ. ಹಾಗಾಗಿ ಯಾರದೇ ಮೆಸೇಜು ತುಂಡಾಗಲಿ, ಕಾರಣ ಏನೇ ಇರಲಿ, ಮುಂದಿನವರು ಬಂದು ‘ಅಮ್ಮ ಎತ್ತಿದರು’ ಎಂದು ಬರೆಯಲೇಬೇಕು. ಅಲ್ಲಿನ ಸಂಪ್ರದಾಯ.

“ಅಕ್ಕನೂ ಎತ್ತುತ್ತಿದ್ದದ್ದೇ ಬಿಡಿ,” ಎಂದು ಮಾವ ಗಾಜಿನ ಕಡೆಗೆ ಗಲ್ಲ ಎತ್ತಿ ತೋರಿಸಿದರು. “ಓರಗಿತ್ತಿ ಜೊತೆ ಮಾತು ಶುರು ಮಾಡಿದ್ರೆ ಗುಬ್ಬಚ್ಚಿ ಇಲ್ಲಿ ತಲೆ ತಲೆ ಚಚ್ಚಿಕೊಳ್ತಿತ್ತು. ಆವತ್ತೂ ಅದೇ ಆಗಿದ್ದು. ಲೈನ್ ಕಡೀತು, ಜಗಳ ಆಯ್ತು, ಹುಡುಗಿ ರೋಸಿ ಹೋಗಿ ಬರೆದಳು.” ಅವರ ಬೆರಳು ಕೊನೆಯ ಮೆಸೇಜಿನ ಮೇಲೆ ನಿಂತಿತು.

*ಎಲ್ಲರಿಗೂ ನಮಸ್ಕಾರ. ನಾನು ಮನೆ ಬಿಟ್ಟು ಹೋಗುತ್ತಿದ್ದೇನೆ. ಹುಡುಕಬೇಡಿ. ಗುಬ್ಬಚ್ಚಿ.*

ಇದನ್ನೇ ಪೊಲೀಸರು ಓದಿದರು, ಫೈಲು ಮುಚ್ಚಿದರು.

“ಅಮ್ಮ ಎತ್ತಲಿಲ್ಲ ಅಂದಿದ್ರು, ಮಾವ,” ಎಂದಳು ಗುಬ್ಬಚ್ಚಿಯ ತಂಗಿ.

“ಅಂದೇ ಅಂತಾರೆ ಪುಟ್ಟಿ. ತಾಯಿ ಕರುಳು, ಹೇಗೆ ಒಪ್ಪಿಕೊಳ್ಳುತ್ತೆ?”

“ದರ್ಜಿ ಅಂಗಡಿಗೆ ಹೋಗಿದ್ದೆ, ಮನೇಲೇ ಇರಲಿಲ್ಲ ಅಂದ್ರು. ಸುಳ್ಳು ಅಂದೆ ನಾನು. ಎಲ್ಲರ ಮುಂದೆ ಅಂದೆ.” ಹಲ್ಲು ಕೀಳುವಾಗ ನಡುಗದ ಕೈ ಮಾಸ್ಕಿನ ದಾರವನ್ನು ಸುತ್ತಿ ಬಿಚ್ಚುತ್ತಿತ್ತು. “ಅಪ್ಪ ಸಾಯೋವರೆಗೂ ಅಮ್ಮನ ಕೈಲಿ ಫೋನ್ ಮುಟ್ಟಿಸಲಿಲ್ಲ. ಈಗಲೂ ನಮ್ಮನೇಲಿ ಫೋನ್ ರಿಂಗಾದ್ರೆ ಅವರು ಎದ್ದು ಬಚ್ಚಲಿಗೆ ಹೋಗ್ತಾರೆ.”

ಗಾಜಿನ ಆಚೆ ಅಮ್ಮ ಸದ್ದಿಗಾಗಿ ಕಾಯುತ್ತಿದ್ದರು. ಗುಂಡಿ ಹಿಡಿದ ಕೈ ಮಡಿಲಲ್ಲಿ ಸುಮ್ಮನಿತ್ತು.

“ಈಗ ಅದೆಲ್ಲ ಯಾಕೆ,” ಎಂದು ಮಾವ ಮೆತ್ತಗೆ ಹೇಳಿದರು. “ಎತ್ತಿದ್ದು ತಪ್ಪೇನಲ್ಲ. ನಾವ್ಯಾರೂ ಅಕ್ಕನಿಗೆ ಏನೂ ಅಂದಿಲ್ಲ.”

“ನೀವು ಅಂದಿದ್ದೀರಿ ಸರ್,” ಎಂದಳು ಮುಂಗುಸಿ. “ಬರೆದೇ ಇಟ್ಟಿದ್ದೀರಿ. ಮೊದಲು ಅಂದವರೇ ನೀವು.” ಪರದೆಯ ಆ ಸಾಲಿಗೆ ಉಗುರು ತಾಗಿಸಿದಳು. “ಎಲ್ಲಿಂದ ಬರೆದಿರಿ ಇದನ್ನ?”

“ಆಫೀಸಿಂದ. ಪೊಲೀಸರಿಗೆ ಆವತ್ತೇ ಹೇಳಿದ್ದೀನಿ. ಊಟ ಮುಗಿಸಿ ಪಡಸಾಲೆಗೆ ಬಂದೆ, ಗುಬ್ಬಚ್ಚಿದು ತುಂಡಾಗಿದ್ದು ನೋಡಿದೆ, ಬರೆದೆ. ಈ ಮೆಸೇಜೇ ಅದಕ್ಕೆ ಸಾಕ್ಷಿ.”

“ನೋಡಿ ಬರೆದಿರಿ.”

“ನೋಡದೆ ಬರೆಯೋಕೆ ನನಗೇನು ಕನಸು ಬೀಳುತ್ತಾ?”

“ಯಜಮಾನ್ರೇ, ಬೆಳಿಗ್ಗೆ ನನಗೆ ಹೇಳಿದ್ದನ್ನ ಇವರಿಗೂ ಹೇಳಿ.”

ಯಜಮಾನರು ಲೋಟ ಒರೆಸುತ್ತ ನಿಂತರು. ಲೋಟ ಆಗಲೇ ಒಣಗಿತ್ತು.

“ಅದೂ… ಆ ಪ್ರೋಗ್ರಾಂ ನಾನೇ ಬರೆದದ್ದು. ತುಂಡಾದ ಮೆಸೇಜುಗಳು ಕಸದ ಜೊತೆ ಬರ್ತಿದ್ವು. ನೇರ ಬಿಟ್ಟರೆ ಓದೋರ ಪರದೆ ಹುಚ್ಚು ಹಿಡಿದ ಹಾಗೆ ಕುಣೀತಿತ್ತು. ಅದಕ್ಕೆ ಅವನ್ನ ಒಂದು ಪಕ್ಕಕ್ಕೆ ಎತ್ತಿಡೋ ಹಾಗೆ ಮಾಡಿದ್ದೆ. ಸಂಜೆ ಕೆಲಸದಿಂದ ಬಂದ ಮೇಲೆ ನಾನು ತೆಗೆದು, ಕಸ ಸ್ವಲ್ಪ ಗುಡಿಸಿ, ‘ತುಂಡಾಗಿದೆ’ ಅಂತ ಗುರುತು ಹಾಕಿ, ಅದು ಬಂದ ಹೊತ್ತಿನ ಜಾಗದಲ್ಲಿ ಸೇರಿಸ್ತಿದ್ದೆ.”

“ಯಾರಿಗಾದರೂ ಇದು ಗೊತ್ತಿತ್ತಾ?”

“ಯಾರಿಗೂ ಇಲ್ಲ. ಹೇಳೋ ಅಂಥ ವಿಷಯ ಅಲ್ಲವಲ್ಲ. ಸಾಮಾನ್ಯವಾಗಿ ಎಲ್ಲರೂ ಬರ್ತಿದ್ದದ್ದು ಸಂಜೆ ಮೇಲೇ. ಅಷ್ಟೊತ್ತಿಗೆ ಎಲ್ಲಾ ಅದರದರ ಜಾಗದಲ್ಲಿ ಇರ್ತಿತ್ತು.”

“ಅಂದ್ರೆ ಗುಬ್ಬಚ್ಚಿಯ ಈ ಅರ್ಧ ಮೆಸೇಜು ಆವತ್ತು ಸಂಜೆವರೆಗೆ ಪಡಸಾಲೆಯಲ್ಲಿ ಇರಲೇ ಇಲ್ಲ.”

“ಇರಲಿಲ್ಲ.”

“ಕಪ್ಪೆರಾಯರು ಜೋಕು ಬರೆದದ್ದು?”

“ಮಧ್ಯಾಹ್ನ.”

ಅಂಗಡಿಯ ಹೊರಗೆ ಯಾರೋ ಬೈಕು ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದರು. ಅದು ಹಿಡಿಯಲಿಲ್ಲ.

ಮಾವ ಮತ್ತೆ ನಕ್ಕರು. ಈ ಸಲ ಜೊತೆಗೆ ಯಾರೂ ಬರಲಿಲ್ಲ. “ಏನ್ ಮೇಡಂ, ಇಷ್ಟು ವರ್ಷದ ಹಿಂದಿನ ಕಂಪ್ಯೂಟರ್ ಗಡಿಯಾರ ನಂಬ್ಕೊಂಡು…”

“ಗಡಿಯಾರ ನಂಬಲ್ಲ ಸರ್. ಟ್ಯೂಬ್‌ಲೈಟನ್ನ ನಂಬ್ತೀನಿ.”

“ಯಾರು, ಆ ಪೆದ್ದನಾ?”

ಟ್ಯೂಬ್‌ಲೈಟ್ ಎಂಬುದು ಪಡಸಾಲೆಯ ಇನ್ನೊಬ್ಬ ಸದಸ್ಯನ ಹೆಸರು. ಯಾವ ಜೋಕೂ ತಡವಾಗಿ ಹೊತ್ತಿಕೊಳ್ಳುತ್ತಿದ್ದುದರಿಂದ ಉಳಿದವರು ಪ್ರೀತಿಯಿಂದ ಕೊಟ್ಟದ್ದು. ಕಪ್ಪೆರಾಯರ ಜೋಕಿಗೂ ಕೊನೆಯ ವಿದಾಯಕ್ಕೂ ನಡುವೆ ಅವನದೊಂದು ಸಾಲಿತ್ತು. ಇಷ್ಟು ವರ್ಷ ಅದನ್ನು ಓದಿದವರೆಲ್ಲ ನಕ್ಕು ಮುಂದೆ ಹೋಗಿದ್ದರು.

ಮುಂಗುಸಿ ಗಟ್ಟಿಯಾಗಿ ಓದಿದಳು: “*ಗುಬ್ಬಚ್ಚಿ ಏನು ಬರೆದಿದ್ದಳು? ಮೇಲೆ ಏನೂ ಇಲ್ಲವಲ್ಲ?*”

ಮಾವ ಆ ಸಾಲು ನೋಡಲು ಮುಂದಕ್ಕೆ ಬಗ್ಗಿದರು.

“ಪಾಪ, ಆ ಮನುಷ್ಯ ಜೀವಮಾನದಲ್ಲಿ ಒಂದೇ ಸಲ ಎಲ್ಲರಿಗಿಂತ ಮೊದಲು ಹೊತ್ತಿಕೊಂಡ. ಯಾರೂ ನೋಡಲಿಲ್ಲ,” ಎಂದಳು. “ಮೇಲೆ ಏನೂ ಇರಲಿಲ್ಲ ಸರ್. ನೀವು ಯಾವ ಆಫೀಸಲ್ಲಿ ಕೂತಿದ್ದರೂ ಅಲ್ಲಿ ನೋಡೋದಕ್ಕೆ ಏನೂ ಇರಲಿಲ್ಲ. ಆ ಮನೆಯ ಲೈನು ಕಡಿದದ್ದು ಆ ಹೊತ್ತಿಗೆ ಗೊತ್ತಿರೋದು ಆ ಮನೆಯೊಳಗೆ ಇದ್ದವರಿಗೆ ಮಾತ್ರ. ಆದರೂ ಕೈ ಸುಮ್ಮನಿರಲಿಲ್ಲ. ತುಂಡಾದ ಮೇಲೆ ಜೋಕು ಬರೀಲೇಬೇಕಲ್ಲ, ಸಂಪ್ರದಾಯ.”

ತಂಗಿಯ ಕಿವಿಯಿಂದ ಮಾಸ್ಕು ಕಳಚಿ ನೆಲಕ್ಕೆ ಬಿತ್ತು. “ಮಾವಾ, ನೀನು ಮನೇಲಿದ್ದೆಯಾ?”

ಹುಟ್ಟಿದಂದಿನಿಂದ ‘ನೀವು’ ಎನ್ನುತ್ತಿದ್ದವಳು.

ಮಾವ ಕುರ್ಚಿ ಎಳೆದು ಕೂತರು. ಜೇಬಿನಿಂದ ಕರ್ಚೀಫು ತೆಗೆದು, ಎಲ್ಲಿ ಒರೆಸಬೇಕೆಂದು ತಿಳಿಯದವರ ಹಾಗೆ ಮಡಿಲಲ್ಲಿ ಇಟ್ಟುಕೊಂಡರು. ಜಾಹೀರಾತಿನವರು ಸುಳ್ಳಿಗೆ ಪದ ಹುಡುಕುವುದನ್ನು ಮುಂಗುಸಿ ಕಂಡಿದ್ದಳು; ಇವರು ಈಗ ಹುಡುಕುತ್ತಿದ್ದದ್ದು ಬೇರೆ ಏನನ್ನೋ.

“ಎತ್ತಿದ್ದು ನಾನಲ್ಲ,” ಎಂದರು.

“ಮನೇಲಿದ್ದಿರಿ.”

“ಇದ್ದೆ. ಆದ್ರೆ ಎತ್ತಿದ್ದು ನಾನಲ್ಲ. ಎತ್ತೋಕೆ ನಾನು ಆ ಫೋನ್ ಇದ್ದ ಕೋಣೇಲಿ ಇರಲಿಲ್ಲ.”

“ಮತ್ತೆಲ್ಲಿ?”

“ಕಂಪ್ಯೂಟರ್ ಮುಂದೆ.”

ಮುಂಗುಸಿಗೆ ಅದು ತಲುಪಲು ಒಂದು ಕ್ಷಣ ಬೇಕಾಯಿತು. ಬೆಳಗಿನಿಂದ ಅವಳು ಕಟ್ಟಿಕೊಂಡು ಬಂದ ಲೆಕ್ಕದಲ್ಲಿ ಗುಬ್ಬಚ್ಚಿ ಬರೆಯುತ್ತಿದ್ದಳು, ಮಾವ ಫೋನ್ ಎತ್ತಿದ್ದರು. ಈಗ ಇಬ್ಬರೂ ಜಾಗ ಬದಲಾಯಿಸಿಕೊಂಡರು.

“ಆ ಅರ್ಧ ಮೆಸೇಜು ನಿಮ್ಮದು.”

“ಮಾರನೇ ದಿನ ಪಡಸಾಲೆಯವರೆಲ್ಲ ಮೊದಲ ಸಲ ಒಂದು ಕಡೆ ಸೇರೋದಿತ್ತು. ಮುಖಾಮುಖಿ. ಅವಳು ಹೋಗ್ತೀನಿ ಅಂತ ಕುಣೀತಿದ್ದಳು. ನಾನು ಬೇಡ ಅಂದೆ. ಕೇಳಲಿಲ್ಲ. ಅವಳನ್ನ ಕುರ್ಚಿಯಿಂದ ಎಬ್ಬಿಸಿ ಅವಳ ಹೆಸರಲ್ಲಿ ನಾನೇ ಬರೆಯೋಕೆ ಕೂತೆ, ‘ನಾನು ಬರೋದಿಲ್ಲ’ ಅಂತ. ಆ ಕಡೆ ಕೋಣೆಗೆ ಓಡಿ ಫೋನ್ ಎತ್ತಿದಳು. ಅವಳೇ.”

“ಕೊನೇ ಮೆಸೇಜು? ಮನೆ ಬಿಟ್ಟು ಹೋಗ್ತೀನಿ ಅನ್ನೋದು?”

ಮಾವ ತಲೆ ಆಡಿಸಿದರು. ಹೌದೆಂದು.

ಇಷ್ಟು ವರ್ಷ ತಂಗಿ ಬಾಯಿಪಾಠ ಮಾಡಿಕೊಂಡು ಬದುಕಿದ್ದ ಅಕ್ಕನ ಆ ಸಾಲುಗಳನ್ನು ಅಕ್ಕ ಬರೆದೇ ಇರಲಿಲ್ಲ.

“ಯಾಕೆ ಬೇಡ ಅಂದ್ರಿ?” ಮುಂಗುಸಿಯ ದನಿ ಏರಲಿಲ್ಲ. “ಹರಟೆ ಹೊಡೆಯೋರು ಸೇರಿ ಹರಟೆ ಹೊಡೀತಿದ್ರು. ಅದರಲ್ಲಿ ನಿಮಗೇನು ಭಯ? ಅವಳು ಯಾರನ್ನ ನೋಡಬಾರದಿತ್ತು?”

ಮಾವನ ಕಣ್ಣು ಒಮ್ಮೆ ಕೌಂಟರಿನ ಹಿಂದೆ ನಿಂತವರ ಕಡೆ ಹೋಯಿತು. ಆಮೇಲೆ ಗಾಜಿನ ಮೇಲೆ ನೆಟ್ಟು ನಿಂತಿತು.

ಅಮ್ಮ ಎದ್ದು ನಿಂತಿದ್ದರು. ಹೆಡ್‌ಫೋನು ಇನ್ನೂ ಕಿವಿಯ ಮೇಲಿತ್ತು.

ಯಜಮಾನರು ಮೈಕಿನ ಕಡೆ ತಿರುಗಿದರು. ಮುಂಗುಸಿ ತನ್ನ ಚೀಲವನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿದಳು. ಅದರ ಹಿಂದೆ ಸ್ವಿಚ್ಚಿನ ಕೆಂಪು ದೀಪ ಉರಿಯುತ್ತಿತ್ತು. ಚೀಲ ಒರಗಿಸುವಾಗಲೇ ಅವಳ ಹೆಬ್ಬೆರಳು ಅದನ್ನು ಮತ್ತೆ ಹಾಕಿತ್ತು. ‘ಅಮ್ಮ ಎತ್ತಿದರು’ ಎಂದು ಎಲ್ಲರೂ ಸೇರಿ ಆಡಿದ್ದ ಮಾತನ್ನು ಹಿಂದಕ್ಕೆ ಪಡೆಯುವಾಗ ಅದು ಮೊದಲು ಅಮ್ಮನ ಕಿವಿಗೇ ಬೀಳಬೇಕು ಎಂದು ಅವಳಿಗೆ ಅನಿಸಿತ್ತು. ಸದ್ದನ್ನು ದೊಡ್ಡದು ಮಾಡಿಕೊಡುವ ಹೆಡ್‌ಫೋನು. ಎಷ್ಟೋ ಕಾಲದಿಂದ ಯಾರೂ ಅಮ್ಮನಿಗೆ ಏನನ್ನೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಬಾಗಿಲು ತೆರೆದು ಅವರು ಹೊರಗೆ ಬಂದರು. ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ತಮ್ಮನ ಮುಂದೆ ನಿಂತರು.

“ನಾನು ಎತ್ತಲಿಲ್ಲ ಅಂತ ಆವತ್ತೇ ಹೇಳಿದ್ನಲ್ಲೋ.”

ಕೂಗಲಿಲ್ಲ. ಯಾರಿಗೋ ಕೊಟ್ಟಿದ್ದ ವಸ್ತುವನ್ನು ವಾಪಸು ಕೇಳುವವರ ಹಾಗಿತ್ತು.

“ಅಮ್ಮಾ,” ಎಂದು ತಂಗಿ ಅವರ ಕೈ ಹಿಡಿಯಲು ಹೋದಳು.

“ನಿಂದು ಆಮೇಲೆ,” ಎಂದರು ಅಮ್ಮ, ಕೈ ಕೊಟ್ಟರು, ಮುಖ ಕೊಡಲಿಲ್ಲ. “ಮೊದಲು ಇವನು ಹೇಳಲಿ. ನನ್ನ ಮಗಳು ಫೋನ್ ಎತ್ತಿದಳಲ್ಲ. ಎತ್ತಿ ಯಾರಿಗೆ ಮಾಡಿದಳು?”

ಮಾವ ಅಕ್ಕನನ್ನು ನೋಡಲಿಲ್ಲ. ಮುಂಗುಸಿಯನ್ನೂ ನೋಡಲಿಲ್ಲ.

“ಅವಳು ಹೊರಗೆ ಓಡಿಹೋದ ಮೇಲೆ ಆ ಫೋನಿನ ರೀಡಯಲ್ ಒತ್ತಿ ನೋಡಿದೆ. ಕಿರ್ರೋ ಅಂತು. ಪಡಸಾಲೆ ನಂಬರು.”

“ಮೆಶೀನಿಗೆ ಫೋನ್ ಮಾಡಿದಳಾ?” ಎಂದಳು ತಂಗಿ.

“ನಾನೂ ಹಾಗೇ ಅನ್ಕೊಂಡು ಸಮಾಧಾನ ಮಾಡ್ಕೊಂಡೆ, ಜಗಳ ನನ್ನ ತಲೆಗೆ ಬರಬಾರದು ಅಂತ ಆ ವಿದಾಯದ ಮೆಸೇಜೂ ಬರೆದೆ. ಆದ್ರೆ ಗೋಡೆ ಆಚೆಯಿಂದ ನಾನು ಕೇಳಿಸಿಕೊಂಡಿದ್ದೆ ಪುಟ್ಟಿ. ಮೆಶೀನ್ ಎತ್ತಿದ್ದರೆ ಅವಳು ಮಾತಾಡ್ತಿದ್ದಳಾ? ಅವಳು ಏನೋ ಹೇಳಿದಳು. ಸುಮ್ಮನಾಗಿ ಕೇಳಿಸಿಕೊಂಡಳು. ‘ಸರಿ, ಈಗಲೇ ಬರ್ತೀನಿ’ ಅಂದಳು.” ಮಾವ ಕರ್ಚೀಫನ್ನು ಮುಷ್ಟಿಯಲ್ಲಿ ಹಿಂಡಿದರು. “ಆವತ್ತು ಮಧ್ಯಾಹ್ನ ಆ ನಂಬರಿನಲ್ಲಿ ಎತ್ತಿದ್ದು ಮೆಶೀನಲ್ಲ. ಮನುಷ್ಯ.”

‘ಸಂಜೆ ಕೆಲಸದಿಂದ ಬಂದ ಮೇಲೆ.’ ಯಜಮಾನರು ಬೆಳಿಗ್ಗೆಯೂ ಹಾಗೆಂದಿದ್ದರು, ಈಗಲೂ ಹಾಗೇ ಅಂದಿದ್ದರು, ಯಾರೂ ಕೇಳದೆಯೇ. ಮುಂಗುಸಿ ನಿಧಾನವಾಗಿ ಹಿಂದಕ್ಕೆ ತಿರುಗಿದಳು.

ಕೌಂಟರಿನ ಹಿಂದೆ ಯಾರೂ ಇರಲಿಲ್ಲ. ಒರೆಸಿ ಒರೆಸಿ ಹೊಳೆಯುತ್ತಿದ್ದ ಲೋಟ ಮಾತ್ರ ಬೋರಲಾಗಿ ಕೂತಿತ್ತು.

ಯಜಮಾನರು ಅಂಗಡಿಯ ಮುಂಬಾಗಿಲಲ್ಲಿದ್ದರು. ರಸ್ತೆಯನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿದರು. ಆಮೇಲೆ ಎರಡೂ ಕೈಯಿಂದ ಶಟರನ್ನು ಹಿಡಿದು ನೆಲದವರೆಗೆ ಎಳೆದರು.

ಒಳಗಿನಿಂದ.